ಚಿಲ್ಲರೆ ಇಲ್ಲದಾಗ ವರ್ತಕರೇ ಟಂಕಿಸಿದ ಹಣ

ವಾಣಿಜ್ಯ ಕ್ಷೇತ್ರದಲ್ಲಿ ದೊಡ್ಡ ಹಣದ ಅಭಾವವನ್ನು ಕುರಿತು ಸಾಕಷ್ಟು ಚರ್ಚೆ ನಡೆಯುತ್ತದೆ. ದುಡಿಯುವ ಬಂಡವಾಳ, ಬ್ಯಾಂಕ್ ಸಾಲ, ಬಡ್ಡಿದರ ಇವೆಲ್ಲವೂ ಸಭೆಗಳಲ್ಲಿ ಮತ್ತು ಸರ್ಕಾರಕ್ಕೆ ಸಲ್ಲಿಸುವ ಮನವಿಗಳಲ್ಲಿ ಪ್ರಸ್ತಾಪಗೊಳ್ಳುತ್ತವೆ. ಚಿಲ್ಲರೆ ನಾಣ್ಯದ ಅಭಾವ ಮಾತ್ರ ಗಲ್ಲಾಪೆಟ್ಟಿಗೆಯ ಮುಂದೆ ಗ್ರಾಹಕರಿಗೂ ವರ್ತಕರಿಗೂ ನಡುವೆ ಹುಟ್ಟುವ ಸಣ್ಣ ಮನಸ್ತಾಪವೆಂಬಂತೆ ಕಾಣಿಸಿಕೊಂಡು ಮರೆತುಹೋಗುತ್ತದೆ. ಆದರೆ ಆರ್ಥಿಕ ಇತಿಹಾಸವನ್ನು ಅವಲೋಕಿಸಿದರೆ, ಕಾರ್ಖಾನೆಯ ಬಟವಾಡೆಗೆ ಅಡ್ಡಿಯಾಗಿ, ಸಣ್ಣ ಅಂಗಡಿಗಳನ್ನು ನಷ್ಟಕ್ಕೆ ದೂಡಿದ ಚಿಲ್ಲರೆ ಅಭಾವಗಳು ಹಲವು ದೇಶಗಳಲ್ಲಿ ತಲೆದೋರಿರುವುದು ತಿಳಿದುಬರುತ್ತದೆ.

ಇಂತಹ ಸಂದರ್ಭಗಳಲ್ಲಿ ಸರ್ಕಾರದ ಟಂಕಸಾಲೆಯನ್ನು ಕಾಯುತ್ತ ಕೂರದೆ, ಉದ್ಯಮಿಗಳೂ ವರ್ತಕರೂ ತಮ್ಮ ಹೆಸರನ್ನೇ ಮುದ್ರಿಸಿದ ಲೋಹದ ಬಿಲ್ಲೆಗಳನ್ನು ಚಲಾವಣೆಗೆ ಬಿಟ್ಟರು. ಇವೇ ಖಾಸಗಿ ಟೋಕನ್‌ಗಳು. ಇವುಗಳಲ್ಲಿ ಕೆಲವು ಸರ್ಕಾರದ ನಾಣ್ಯಕ್ಕಿಂತಲೂ ಹೆಚ್ಚಿನ ಗೌರವ ಗಳಿಸಿದವು. ಮತ್ತೆ ಕೆಲವು ಬಡವರ ಕೈಯಲ್ಲಿ ಬೆಲೆಯಿಲ್ಲದ ಲೋಹದ ಚೂರುಗಳಾಗಿ ಉಳಿದವು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ಅರಿಯಲು 1787ರಿಂದ 1817ರವರೆಗಿನ ಇಂಗ್ಲೆಂಡಿನ ಅನುಭವ ಹೆಚ್ಚು ಸಹಾಯಕವಾಗಿದೆ.

ಚಿಲ್ಲರೆ ಮಾಯವಾದ ಬಗೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ 12 ಪೆನ್ನಿಗಳಿಗೆ ಒಂದು ಷಿಲಿಂಗ್, 20 ಷಿಲಿಂಗ್‌ಗಳಿಗೆ ಒಂದು ಪೌಂಡ್. ಚಿನ್ನದ ಗಿನಿ ನಾಣ್ಯದ ಬೆಲೆಯನ್ನು 1717ರಲ್ಲಿ 21 ಷಿಲಿಂಗ್‌ಗಳೆಂದು ನಿಗದಿಪಡಿಸಲಾಯಿತು. ಆಗ ಟಂಕಸಾಲೆಯ ಮುಖ್ಯಸ್ಥರಾಗಿದ್ದವರು ಪ್ರಸಿದ್ಧ ವಿಜ್ಞಾನಿ ಐಸಾಕ್ ನ್ಯೂಟನ್. ಈ ದರದಲ್ಲಿ ಚಿನ್ನಕ್ಕೆ ಸ್ವಲ್ಪ ಹೆಚ್ಚಿನ ಬೆಲೆಯೂ ಬೆಳ್ಳಿಗೆ ಸ್ವಲ್ಪ ಕಡಿಮೆ ಬೆಲೆಯೂ ದೊರೆಯುತ್ತಿತ್ತು. ಬೆಳ್ಳಿಯನ್ನು ನಾಣ್ಯವಾಗಿ ಖರ್ಚು ಮಾಡುವುದಕ್ಕಿಂತ ಗಟ್ಟಿಯಾಗಿ ಮಾರುವುದೇ ಲಾಭದಾಯಕವಾದ್ದರಿಂದ ಪೂರ್ಣ ತೂಕದ ಬೆಳ್ಳಿ ನಾಣ್ಯಗಳು ಕುಲುಮೆ ಸೇರಿದವು. ಹೀಗೆ ಹೊರಹೋದ ಬೆಳ್ಳಿಯಲ್ಲಿ ಬಹುಪಾಲು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳನ್ನೇರಿ ಭಾರತ ಮತ್ತು ಚೀನಾಗಳ ಕಡೆಗೆ ಸಾಗಿತು. ಚಲಾವಣೆಯಲ್ಲಿ ಉಳಿದದ್ದು ಸವೆದು ನುಣುಪಾದ ಹಳೆಯ ಬೆಳ್ಳಿ ಮಾತ್ರ.

ತಾಮ್ರದ ಚಿಲ್ಲರೆಯ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ಚಿನ್ನ ಬೆಳ್ಳಿಗಳನ್ನು ಟಂಕಿಸುವುದೇ ತನ್ನ ಘನತೆಗೆ ತಕ್ಕ ಕೆಲಸವೆಂದು ಭಾವಿಸಿದ್ದ ಲಂಡನ್ ಟಂಕಸಾಲೆ, 1775ರ ನಂತರ ತಾಮ್ರದ ನಾಣ್ಯಗಳನ್ನು ತಯಾರಿಸುವುದನ್ನೇ ನಿಲ್ಲಿಸಿತು. ಅದಕ್ಕೆ ಮುಂಚೆ ತಯಾರಾದ ತಾಮ್ರದ ನಾಣ್ಯಗಳನ್ನು ದೂರದ ಕೈಗಾರಿಕಾ ಪಟ್ಟಣಗಳಿಗೆ ತಲುಪಿಸುವ ಹೊಣೆಯನ್ನೂ ಟಂಕಸಾಲೆ ವಹಿಸಿಕೊಂಡಿರಲಿಲ್ಲ. ಬೇಕಾದವರು ಲಂಡನ್ನಿಗೆ ಹೋಗಿ, ಸಾಗಾಣಿಕೆಯ ಖರ್ಚನ್ನು ತಾವೇ ಭರಿಸಿ ತರಬೇಕಾಗಿತ್ತು. ಇದೇ ಕಾಲದಲ್ಲಿ ಹತ್ತಿ ಗಿರಣಿಗಳು, ಕಬ್ಬಿಣದ ಕುಲುಮೆಗಳು, ಗಣಿಗಳು ಸಾವಿರಾರು ಜನರನ್ನು ಕೂಲಿಗೆ ಸೇರಿಸಿಕೊಳ್ಳುತ್ತಿದ್ದವು. ಚಿಲ್ಲರೆಯ ಬೇಡಿಕೆ ಏರುತ್ತಿದ್ದಾಗಲೇ ಪೂರೈಕೆ ನಿಂತುಹೋಯಿತು.

ಈ ತೆರವನ್ನು ಖೋಟಾ ನಾಣ್ಯ ತಯಾರಕರು ತುಂಬಿದರು. ತಾಮ್ರದ ಖೋಟಾ ನಾಣ್ಯ ತಯಾರಿಕೆಯನ್ನು 1771ರಲ್ಲಿ ಗುರುತರ ಅಪರಾಧವೆಂದು ಸಾರಿದರೂ ಪ್ರಯೋಜನವಾಗಲಿಲ್ಲ. ಕೆಲವರು ರಾಜನ ಹೆಸರಿನ ಅಕ್ಷರಗಳನ್ನು ಬುದ್ಧಿಪೂರ್ವಕವಾಗಿ ಅದಲು ಬದಲು ಮಾಡಿ, ಅದು ನಕಲಿಯೇ ಅಲ್ಲವೆಂದು ವಾದಿಸಲು ಅವಕಾಶ ಮಾಡಿಕೊಳ್ಳುತ್ತಿದ್ದರು. 1787ರಲ್ಲಿ ಟಂಕಸಾಲೆಯವರು ಚಲಾವಣೆಯಲ್ಲಿದ್ದ ತಾಮ್ರದ ಅರ್ಧಪೆನ್ನಿಗಳನ್ನು ಪರೀಕ್ಷಿಸಿದಾಗ, ರಾಜನ ನಾಣ್ಯವನ್ನು ಸುಮಾರಾಗಿಯಾದರೂ ಹೋಲುವಂಥವು ಶೇಕಡ 8ರಷ್ಟು ಮಾತ್ರ ಇದ್ದವು.

ಬಟವಾಡೆ ದಿನದ ಸಂಕಟ

ಈ ಅವ್ಯವಸ್ಥೆಯ ಭಾರ ಯಾರ ಮೇಲೆ ಬಿತ್ತೆಂಬುದನ್ನು ಗಮನಿಸಬೇಕು. ಒಬ್ಬ ಸಾಮಾನ್ಯ ಕೂಲಿಗಾರನ ವಾರದ ದುಡಿಮೆ ಹತ್ತು ಷಿಲಿಂಗ್‌ಗಳ ಆಸುಪಾಸಿನಲ್ಲಿತ್ತು. 21 ಷಿಲಿಂಗ್‌ಗಳ ಒಂದು ಗಿನಿ ಎಂದರೆ ಅವನ ಎರಡು ವಾರಗಳ ಸಂಬಳ. ಮಾಲೀಕನ ಬಳಿ ಚಿನ್ನವಿದ್ದರೂ ಅದನ್ನು ನೂರು ಜನರಿಗೆ ಹಂಚಲು ಸಾಧ್ಯವಿರಲಿಲ್ಲ. ಆದ್ದರಿಂದ ಹಲವು ಕೂಲಿಗಾರರಿಗೆ ಒಟ್ಟಾಗಿ ಒಂದು ದೊಡ್ಡ ನಾಣ್ಯವನ್ನು ಕೊಟ್ಟು ಅವರೇ ಹಂಚಿಕೊಳ್ಳಲಿ ಎನ್ನುವ ಪದ್ಧತಿ ಬೆಳೆಯಿತು. ಅದನ್ನು ಮುರಿಸಲು ಅವರು ಹೋಗುತ್ತಿದ್ದುದು ಹೆಂಡದಂಗಡಿಗೆ. ಅಲ್ಲಿ ಚಿಲ್ಲರೆ ದೊರೆಯಬೇಕಾದರೆ ಕುಡಿಯಲೇಬೇಕಾಗಿತ್ತು. ಕೆಲವು ಮಾಲೀಕರು ವಾರದ ಬಟವಾಡೆಯನ್ನು ತಿಂಗಳಿಗೆ ಮುಂದೂಡಿದರು. ಇನ್ನು ಕೆಲವರು ಹಣದ ಬದಲು ತಮ್ಮ ಮಳಿಗೆಯ ಸಾಮಾನುಗಳನ್ನೇ ಕೊಟ್ಟರು.

ಸಣ್ಣ ವರ್ತಕರ ಕಷ್ಟ ಬೇರೆ ಬಗೆಯದು. ಕೂಲಿಗಾರರು ತರುತ್ತಿದ್ದ ಖೋಟಾ ತಾಮ್ರವನ್ನು ನಿರಾಕರಿಸಿದರೆ ವ್ಯಾಪಾರ ಕೈತಪ್ಪುತ್ತಿತ್ತು. ಸ್ವೀಕರಿಸಿದರೆ ಅಂಗಡಿಯಲ್ಲಿ ರಾಶಿಬಿದ್ದ ಆ ತಾಮ್ರವನ್ನು ಸಗಟು ವ್ಯಾಪಾರಿ ಮುಟ್ಟುತ್ತಿರಲಿಲ್ಲ. ಅದನ್ನು ವಟ್ಟ ಕಳೆದು ಬೆಳ್ಳಿಗೋ ಚಿನ್ನಕ್ಕೋ ಬದಲಾಯಿಸಿಕೊಳ್ಳಬೇಕಾಗಿತ್ತು. ಸರ್ಕಾರದ ಅಸಲಿ ತಾಮ್ರವನ್ನು ಕೂಡ ಟಂಕಸಾಲೆ ಹಿಂದಕ್ಕೆ ಪಡೆದು ಬೆಳ್ಳಿ ಕೊಡುವ ವ್ಯವಸ್ಥೆ ಇರಲಿಲ್ಲ. ಒಂದು ಕಡೆ ಅಭಾವ, ಮತ್ತೊಂದು ಕಡೆ ಕೊಳೆಯುತ್ತಿದ್ದ ರಾಶಿ, ಎರಡೂ ಏಕಕಾಲದಲ್ಲಿ ಕಂಡುಬಂದವು.

ಆಂಗ್ಲೆಸಿ ದ್ವೀಪದ ಪೆನ್ನಿ

ಇದಕ್ಕೆ ಪರಿಹಾರ ಬಂದದ್ದು ವೇಲ್ಸ್ ಪ್ರಾಂತ್ಯದ ಆಂಗ್ಲೆಸಿ ದ್ವೀಪದಿಂದ. ಅಲ್ಲಿನ ಪಾರಿಸ್ ಎಂಬ ಬೆಟ್ಟದಲ್ಲಿ 1768ರಲ್ಲಿ ತಾಮ್ರದ ಅದಿರಿನ ದೊಡ್ಡ ನಿಕ್ಷೇಪ ಪತ್ತೆಯಾಗಿತ್ತು. ಈ ಗಣಿಯ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ವಿಲಿಯಮ್ಸ್ ವೃತ್ತಿಯಿಂದ ವಕೀಲರು. ಕಾಲಕ್ರಮೇಣ ‘ತಾಮ್ರದ ದೊರೆ’ ಎಂದೇ ಹೆಸರಾದರು. ಗಣಿ ಕಾರ್ಮಿಕರಿಗೆ ಕೊಡಲು ಚಿಲ್ಲರೆ ಇಲ್ಲ, ಆದರೆ ಗಣಿಯ ತುಂಬ ತಾಮ್ರವಿದೆ. ಈ ಪರಿಸ್ಥಿತಿಯಲ್ಲಿ ವಿಲಿಯಮ್ಸ್ 1787ರಲ್ಲಿ ಕಂಪನಿಯ ಹೆಸರಿನಲ್ಲಿಯೇ ತಾಮ್ರದ ಪೆನ್ನಿಗಳನ್ನು ಟಂಕಿಸಲು ಆರಂಭಿಸಿದರು.

ಆ ಬಿಲ್ಲೆಯ ಒಂದು ಮುಖದಲ್ಲಿ ಪ್ರಾಚೀನ ಡ್ರುಯಿಡ್ ಪುರೋಹಿತನ ತಲೆ. ಇನ್ನೊಂದರಲ್ಲಿ ಕಂಪನಿಯ ಹೆಸರಿನ ಮೊದಲಕ್ಷರಗಳು ಮತ್ತು ಧಾರಕನಿಗೆ ಒಂದು ಪೆನ್ನಿ ಕೊಡುವೆವೆಂಬ ವಾಗ್ದಾನ. ಅಂಚಿನ ಸುತ್ತ, ಕೇಳಿದೊಡನೆ ಲಂಡನ್, ಲಿವರ್‌ಪೂಲ್ ಅಥವಾ ಆಂಗ್ಲೆಸಿಯಲ್ಲಿ ಹಣ ಪಾವತಿಸಲಾಗುವುದೆಂಬ ಬರಹ. ನಮ್ಮ ರಿಸರ್ವ್ ಬ್ಯಾಂಕಿನ ನೋಟಿನ ಮೇಲೆ ಗವರ್ನರ್ ಅವರ ಸಹಿಯೊಂದಿಗೆ ಕಾಣುವ ವಾಗ್ದಾನವೂ ಇದೇ ಜಾತಿಯದು. ವಿಲಿಯಮ್ಸ್ ಅವರ ಬಿಲ್ಲೆಯಲ್ಲಿ ಇದಕ್ಕಿಂತ ಒಂದು ಅಂಶ ಹೆಚ್ಚಿಗೆ ಇತ್ತು. ಹಣ ಎಲ್ಲಿ ಸಿಗುತ್ತದೆಂಬ ವಿಳಾಸವನ್ನೂ ಅದು ತಿಳಿಸುತ್ತಿತ್ತು.

ತೂಕದಲ್ಲಿಯೂ ಮೋಸವಿರಲಿಲ್ಲ. ಲಂಡನ್ ಟಂಕಸಾಲೆ ಒಂದು ಪೌಂಡು ತೂಕದ ತಾಮ್ರದಿಂದ 46 ಅರ್ಧಪೆನ್ನಿಗಳನ್ನು, ಅಂದರೆ 23 ಪೆನ್ನಿಗಳಷ್ಟು ಮೌಲ್ಯದ ನಾಣ್ಯವನ್ನು ತಯಾರಿಸುತ್ತಿತ್ತು. ಆಂಗ್ಲೆಸಿಯವರು ಅಷ್ಟೇ ತಾಮ್ರದಿಂದ 16 ಪೆನ್ನಿಗಳನ್ನು ಮಾತ್ರ ತೆಗೆದರು. ರಾಜನ ನಾಣ್ಯಕ್ಕಿಂತ ಖಾಸಗಿ ಬಿಲ್ಲೆಯಲ್ಲಿಯೇ ಹೆಚ್ಚು ಲೋಹವಿತ್ತು. ಈ ಕಂಪನಿ ಕಾಲಾಂತರದಲ್ಲಿ ಸುಮಾರು 250 ಟನ್ ಪೆನ್ನಿಗಳನ್ನೂ 50 ಟನ್ ಅರ್ಧಪೆನ್ನಿಗಳನ್ನೂ ಹೊರತಂದಿತು. ಅವು ಗಣಿಯ ಎಲ್ಲೆ ದಾಟಿ ದೂರದ ಪೇಟೆಗಳಲ್ಲಿಯೂ ಸಲೀಸಾಗಿ ನಡೆದವು.

ಅದೇ ವರ್ಷ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್ ತಮ್ಮ ಬಿಲ್ಲೆಗಳನ್ನು ಹೊರಡಿಸಿದರು. ಜೇಮ್ಸ್ ವಾಟ್ ಅವರ ಉಗಿಯಂತ್ರಕ್ಕೆ ನಿಖರವಾದ ಸಿಲಿಂಡರುಗಳನ್ನು ಕೊರೆದುಕೊಟ್ಟವರು ಇವರೇ. ಬಿಲ್ಲೆಯ ಮೇಲೆ ರಾಜನ ತಲೆ ಇರಬೇಕಾದ ಜಾಗದಲ್ಲಿ ಅವರದೇ ತಲೆ, ಸುತ್ತಲೂ ಅವರ ಹೆಸರು ಮತ್ತು ವೃತ್ತಿ. ಅಂಚಿನಲ್ಲಿ ಅವರ ನಾಲ್ಕು ಕಾರ್ಖಾನೆಗಳ ಊರುಗಳು. ಇದನ್ನು ಅಹಂಕಾರವೆಂದು ಹಾಸ್ಯ ಮಾಡಿದವರೂ ಇದ್ದರು. ಆದರೆ ವ್ಯವಹಾರದ ದೃಷ್ಟಿಯಿಂದ ನೋಡಿದರೆ ತಲೆ, ಹೆಸರು, ಊರು ಮೂರೂ ಒಂದೇ ವಿಷಯವನ್ನು ಸಾರುತ್ತಿದ್ದವು: ಸಾಲಗಾರ ಯಾರು, ಅವನನ್ನು ಎಲ್ಲಿ ಹಿಡಿಯಬಹುದು ಎಂಬುದನ್ನು.

ಗುಂಡಿ ತಯಾರಕರ ಟಂಕಸಾಲೆ

ಬಿಲ್ಲೆಗಳ ಬೇಡಿಕೆ ಹೆಚ್ಚಿದಂತೆ ಅದರ ಲಾಭ ಬರ್ಮಿಂಗ್‌ಹ್ಯಾಮ್ ನಗರದ ಸಣ್ಣ ಕೈಗಾರಿಕೆಗಳಿಗೆ ದೊರೆಯಿತು. ಅಲ್ಲಿ ಅಂಗಿಯ ಗುಂಡಿ, ಬಕಲು ಮುಂತಾದ ಲೋಹದ ಸಣ್ಣ ಸಾಮಾನುಗಳನ್ನು ತಯಾರಿಸುವ ನೂರಾರು ಕಾರ್ಯಾಗಾರಗಳಿದ್ದವು. ತಗಡಿನಿಂದ ಗುಂಡಗೆ ಕತ್ತರಿಸುವುದು, ಉಕ್ಕಿನ ಅಚ್ಚು ಕೆತ್ತುವುದು, ತಿರುಪಿನ ಒತ್ತುಯಂತ್ರದಲ್ಲಿ ಅಚ್ಚೊತ್ತುವುದು ಇವರಿಗೆ ದಿನನಿತ್ಯದ ಕೆಲಸ. ಗುಂಡಿಗೂ ನಾಣ್ಯಕ್ಕೂ ತಯಾರಿಕೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಜಾನ್ ಗ್ರೆಗರಿ ಹ್ಯಾನ್‌ಕಾಕ್, ಜಾನ್ ವೆಸ್ಟ್‌ವುಡ್, ಪೀಟರ್ ಕೆಂಪ್ಸನ್, ವಿಲಿಯಂ ಲಟ್‌ವಿಚ್ ಮೊದಲಾದವರು ದೇಶದ ನಾನಾ ಊರುಗಳ ವರ್ತಕರಿಂದ ಬೇಡಿಕೆ ಪಡೆದು ಬಿಲ್ಲೆಗಳನ್ನು ಪೂರೈಸಿದರು. ವರ್ತಕನಿಗೆ ಕಲಾತ್ಮಕ ಅಚ್ಚು ಬೇಕೆಂದರೆ ಅದೂ ಸಿದ್ಧ. ಅಂಗಡಿಯ ಚಿತ್ರ, ಊರಿನ ಸೇತುವೆ, ಉದ್ಯಮದ ಗುರುತು ಹೀಗೆ ಬಿಲ್ಲೆಯೇ ಜಾಹೀರಾತೂ ಆಯಿತು. ನಾಜೂಕಾದ ಅಚ್ಚನ್ನು ನಕಲು ಮಾಡುವುದು ಕಷ್ಟವಾದ್ದರಿಂದ ಅಂದವೇ ಭದ್ರತೆಯೂ ಆಗಿತ್ತು.

ಇದೇ ನಗರದ ಮ್ಯಾಥ್ಯೂ ಬೋಲ್ಟನ್ ಈ ಉದ್ಯೋಗವನ್ನು ಬೃಹತ್ ಪ್ರಮಾಣಕ್ಕೆ ಬೆಳೆಸಿದರು. ವಾಟ್ ಅವರ ಪಾಲುದಾರರಾಗಿದ್ದ ಬೋಲ್ಟನ್, ತಮ್ಮ ಸೋಹೊ ಕಾರ್ಖಾನೆಯಲ್ಲಿ ಉಗಿಯಂತ್ರದಿಂದ ನಡೆಯುವ ಟಂಕಸಾಲೆಯನ್ನು 1780ರ ದಶಕದ ಕೊನೆಯಲ್ಲಿ ಸ್ಥಾಪಿಸಿದರು. ಸರ್ಕಾರದ ಗುತ್ತಿಗೆಗಾಗಿ ಅವರು ಸುಮಾರು ಹತ್ತು ವರ್ಷ ಕಾಯಬೇಕಾಯಿತು. ಆ ಅವಧಿಯಲ್ಲಿ ಅವರ ಯಂತ್ರಗಳಿಗೆ ಕೆಲಸ ಕೊಟ್ಟದ್ದು ಖಾಸಗಿ ಬಿಲ್ಲೆಗಳು ಮತ್ತು ಈಸ್ಟ್ ಇಂಡಿಯಾ ಕಂಪನಿಯ ಬೇಡಿಕೆಗಳು. 1791ರ ಬೊಂಬಾಯಿ ಪ್ರಾಂತ್ಯದ ತಾಮ್ರದ ನಾಣ್ಯಗಳು, 1794ರ ಮದರಾಸು ಪ್ರಾಂತ್ಯದ ರೂಪಾಯಿಯ 48ನೆಯ ಹಾಗೂ 96ನೆಯ ಒಂದು ಭಾಗದ ನಾಣ್ಯಗಳು, 1803 ಮತ್ತು 1808ರ ಮದರಾಸು ಕಾಸುಗಳು ಇಲ್ಲಿಯೇ ತಯಾರಾದವು. 1808ರ ಕಾಸುಗಳನ್ನು ಹೊತ್ತ ‘ಅಡ್ಮಿರಲ್ ಗಾರ್ಡ್‌ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದ ಮರಳುದಿಬ್ಬಗಳಲ್ಲಿ ಮುಳುಗಿತು. 1980ರ ದಶಕದಲ್ಲಿ ಅದರಿಂದ ಮೇಲೆತ್ತಿದ ಕಾಸುಗಳು ಇಂದಿಗೂ ನಾಣ್ಯ ಸಂಗ್ರಾಹಕರ ಕೈಯಲ್ಲಿವೆ.

ಬಿಲ್ಲೆಯ ನಿಜವಾದ ಬೆಲೆ

ಖಾಸಗಿ ಬಿಲ್ಲೆ ಮುಖಬೆಲೆಗೆ ನಡೆದದ್ದು ಅದರಲ್ಲಿದ್ದ ತಾಮ್ರದ ಬೆಲೆಯಿಂದಲ್ಲ. ತಾಮ್ರದ ಬೆಲೆಯೂ ಅಚ್ಚೊತ್ತುವ ಕೂಲಿಯೂ ಸೇರಿ ಮುಖಬೆಲೆಗಿಂತ ಕಡಿಮೆಯೇ ಇರುತ್ತಿತ್ತು. ಇಲ್ಲದಿದ್ದರೆ ಅದನ್ನು ಹೊರಡಿಸುವವನಿಗೆ ಲಾಭವೇ ಇರುತ್ತಿರಲಿಲ್ಲ. ಬಿಲ್ಲೆಯನ್ನು ತಂದವರಿಗೆ ಪೂರ್ಣ ಬೆಲೆಯ ಹಣ ಕೊಡುವ ವರ್ತಕ ಒಂದು ನಿಶ್ಚಿತ ಸ್ಥಳದಲ್ಲಿ ಇದ್ದಾನೆಂಬ ನಂಬಿಕೆಯಿಂದ ಅದು ನಡೆಯುತ್ತಿತ್ತು. ಇದನ್ನೇ ಮರುಪಾವತಿಯ ಹೊಣೆ ಎನ್ನಬಹುದು. ಹುಂಡಿಯ ವ್ಯವಹಾರ ಬಲ್ಲ ನಮ್ಮ ವರ್ತಕರಿಗೆ ಈ ತತ್ತ್ವ ಹೊಸದಲ್ಲ. ಕಾಗದದ ಬೆಲೆಯನ್ನು ನೋಡಿ ಯಾರೂ ಹುಂಡಿಯನ್ನು ಒಪ್ಪುವುದಿಲ್ಲ, ಬರೆದವನ ಪತ್ತನ್ನು ನೋಡಿ ಒಪ್ಪುತ್ತಾರೆ.

ಈ ಲೆಕ್ಕವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಒಬ್ಬ ಉದ್ಯಮಿ 50,000 ರೂಪಾಯಿ ಮುಖಬೆಲೆಯ ಬಿಲ್ಲೆಗಳನ್ನು 30,000 ರೂಪಾಯಿ ಖರ್ಚಿನಲ್ಲಿ ತಯಾರಿಸಿ ಬಟವಾಡೆಯಲ್ಲಿ ಕೊಟ್ಟನೆಂದು ಭಾವಿಸೋಣ. ಮೇಲುನೋಟಕ್ಕೆ ಅವನಿಗೆ 20,000 ರೂಪಾಯಿ ಲಾಭ. ಆದರೆ ಬಿಲ್ಲೆಗಳೆಲ್ಲ ಒಮ್ಮೆಲೇ ಹಿಂದಿರುಗಿದರೆ ಅವನು 50,000 ರೂಪಾಯಿ ತೆರಬೇಕು. ಕೈಯಲ್ಲಿ ಉಳಿಯುವುದು ಲೋಹ ಮಾತ್ರ. ಬಿಲ್ಲೆಗಳು ಪೇಟೆಯಲ್ಲಿ ಸುತ್ತಾಡುತ್ತಿರುವವರೆಗೆ ಅದು ಅವನಿಗೆ ಬಡ್ಡಿಯಿಲ್ಲದ ಸಾಲ. ಹಿಂದಿರುಗಿದ ದಿನ ಅದು ತೀರಿಸಲೇಬೇಕಾದ ಸಾಲ. ಹಾಗಾಗಿ ಬಿಲ್ಲೆಗಳು ಹೆಚ್ಚು ಕಾಲ ಪೇಟೆಯಲ್ಲಿ ಉಳಿಯಬೇಕಾದರೆ, ಹಿಂದಿರುಗಿಸಲು ಬಂದವರನ್ನು ಒಮ್ಮೆಯೂ ಬರಿಗೈಯಲ್ಲಿ ಕಳುಹಿಸಬಾರದಾಗಿತ್ತು. ಕೇಳಿದೊಡನೆ ಹಣ ಸಿಗುತ್ತದೆಂಬ ಖಾತರಿ ಇದ್ದಾಗ ಯಾರೂ ಅವಸರದಿಂದ ಕೇಳುವುದಿಲ್ಲ.

ಸರ್ಕಾರಿ ತಾಮ್ರದಲ್ಲಿ ಇಲ್ಲದ ಗುಣ ಇದೇ ಆಗಿತ್ತು. ಅಂಗಡಿಯಲ್ಲಿ ಬಿಲ್ಲೆಗಳು ಹೆಚ್ಚಾದರೆ ಅವುಗಳನ್ನು ಹೊರಡಿಸಿದವನಿಗೆ ಒಪ್ಪಿಸಿ ಚಿನ್ನ ಬೆಳ್ಳಿ ಪಡೆಯಬಹುದಾಗಿತ್ತು. ಆದ್ದರಿಂದ ಪೇಟೆಗೆ ಬೇಕಾದಷ್ಟು ಚಿಲ್ಲರೆ ಮಾತ್ರ ಚಲಾವಣೆಯಲ್ಲಿ ಉಳಿಯುತ್ತಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸೆಲ್ಜಿನ್ 2008ರಲ್ಲಿ ಪ್ರಕಟವಾದ ‘ಗುಡ್ ಮನಿ’ ಎಂಬ ಗ್ರಂಥದಲ್ಲಿ ಈ ಇಡೀ ಪ್ರಕರಣವನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಒಳ್ಳೆಯ ಬಿಲ್ಲೆಗಳನ್ನು ಸಾಧ್ಯಗೊಳಿಸಿದ್ದು ಉಗಿಯಂತ್ರವಲ್ಲ, ಪೈಪೋಟಿ ಮತ್ತು ಮರುಪಾವತಿಯ ಹೊಣೆ ಎಂಬುದು ಅವರ ವಾದದ ಸಾರ. ಆಂಗ್ಲೆಸಿಯ ಪೆನ್ನಿಗಳು ಕೈಯಿಂದ ತಿರುಗಿಸುವ ಒತ್ತುಯಂತ್ರದಲ್ಲಿಯೇ ತಯಾರಾಗಿದ್ದವೆಂಬುದು ಈ ವಾದಕ್ಕೆ ಬಲ ನೀಡುತ್ತದೆ.

ಹೆಸರಿಲ್ಲದ ಬಿಲ್ಲೆಗಳು

ಆದರೆ ಈ ವ್ಯವಸ್ಥೆ ದೋಷರಹಿತವಾಗಿರಲಿಲ್ಲ. 1790ರ ದಶಕ ಮುಂದುವರಿದಂತೆ ಹಗುರವಾದ ಬಿಲ್ಲೆಗಳು ಪೇಟೆಗೆ ನುಗ್ಗಿದವು. ಕೆಲವುಗಳ ಮೇಲೆ ಹೊರಡಿಸಿದವನ ಹೆಸರೇ ಇಲ್ಲ. ಕೆಲವುಗಳ ಮೇಲೆ ಇದ್ದ ಹೆಸರಿನ ವರ್ತಕನೇ ಇಲ್ಲ. ಜನಪ್ರಿಯ ಬಿಲ್ಲೆಗಳ ನಕಲುಗಳೂ ಬಂದವು. ಸಂಗ್ರಾಹಕರ ಹವ್ಯಾಸ ಬೆಳೆದಂತೆ ಅವರಿಗಾಗಿಯೇ ವಿಚಿತ್ರ ಬಿಲ್ಲೆಗಳು ತಯಾರಾದವು. ಇಪ್ಸ್‌ವಿಚ್ ಪಟ್ಟಣದ ಜೇಮ್ಸ್ ಕಾಂಡರ್ 1798ರಲ್ಲಿ ಇವುಗಳ ಪಟ್ಟಿಯನ್ನು ಪ್ರಕಟಿಸಿದ್ದರಿಂದ ಆ ಕಾಲದ ಬಿಲ್ಲೆಗಳಿಗೆ ‘ಕಾಂಡರ್ ಟೋಕನ್’ ಎಂಬ ಹೆಸರು ಉಳಿದಿದೆ.

1797ರಲ್ಲಿ ಸರ್ಕಾರ ಕೊನೆಗೂ ಬೋಲ್ಟನ್ ಅವರಿಗೆ ಗುತ್ತಿಗೆ ನೀಡಿತು. ಅವರು ತಯಾರಿಸಿದ ಒಂದು ಔನ್ಸ್ ತೂಕದ ಪೆನ್ನಿ ಮತ್ತು ಎರಡು ಔನ್ಸ್ ತೂಕದ ಎರಡು ಪೆನ್ನಿ ನಾಣ್ಯಗಳನ್ನು ಜನರು ಬಂಡಿಚಕ್ರಗಳೆಂದು ಕರೆದರು. ಅವುಗಳಲ್ಲಿನ ಲೋಹದ ಬೆಲೆ ಮುಖಬೆಲೆಗೆ ಹತ್ತಿರವಾಗಿದ್ದುದೇ ಅವುಗಳಿಗೆ ಮುಳುವಾಯಿತು. ತಾಮ್ರದ ದರ ಏರಿದೊಡನೆ ಅವು ಕರಗಿಸುವವರ ಪಾಲಾದವು. ನೆಪೋಲಿಯನ್ನನೊಂದಿಗಿನ ಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವವೂ ತೀವ್ರಗೊಂಡು, 1811ರಿಂದ ತಾಮ್ರದ ಜೊತೆಗೆ ಬೆಳ್ಳಿಯ ಖಾಸಗಿ ಬಿಲ್ಲೆಗಳೂ ಬಂದವು.

ಈ ಎರಡನೆಯ ಅಲೆಯಲ್ಲಿ ದೂರುಗಳು ಹೆಚ್ಚಿದವು. ಸಂಸತ್ತು 1812ರಿಂದಲೇ ನಿಷೇಧದ ಮಾತನಾಡುತ್ತಿದ್ದರೂ ಬದಲಿ ನಾಣ್ಯವಿಲ್ಲದ ಕಾರಣ ಗಡುವನ್ನು ಮುಂದೂಡುತ್ತ ಬಂತು. 1816ರ ಕಾಯ್ದೆಯ ಪ್ರಕಾರ ಲೋಹದ ಬೆಲೆಗಿಂತ ಹೆಚ್ಚಿನ ಮುಖಬೆಲೆಯ ಹೊಸ ಬೆಳ್ಳಿ ನಾಣ್ಯಗಳು ತಯಾರಾಗಿ 1817ರಲ್ಲಿ ಚಲಾವಣೆಗೆ ಬಂದವು. ಅದೇ ವರ್ಷ ತಾಮ್ರದ ಖಾಸಗಿ ಬಿಲ್ಲೆಗಳನ್ನು ನಿಷೇಧಿಸುವ ಕಾಯ್ದೆಯೂ ಆಯಿತು. ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ನಗರಗಳಲ್ಲಿ ಬಡವರ ಪರಿಹಾರದ ಮೇಲ್ವಿಚಾರಕರು ಹೊರಡಿಸಿದ್ದ ಬಿಲ್ಲೆಗಳಿಗೆ ಮಾತ್ರ ಇನ್ನೂ ಕೆಲವು ವರ್ಷಗಳ ವಿನಾಯಿತಿ ದೊರೆಯಿತು. ಹೆಸರು, ವಿಳಾಸ, ಆಸ್ತಿ ಇದ್ದವರ ಬಿಲ್ಲೆಗಳಿಗೆ ಹಣ ಸಿಗುವ ದಾರಿಯಿತ್ತು. ಹೆಸರಿಲ್ಲದ ಬಿಲ್ಲೆಗಳನ್ನು ಹಿಡಿದಿದ್ದವರಿಗೆ ಹೋಗಿ ಕೇಳಲು ಬಾಗಿಲೇ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಕೂಲಿಗಾರರು ಮತ್ತು ಸಣ್ಣ ಅಂಗಡಿಯವರು.

ನ್ಯೂಯಾರ್ಕಿನ ಒಂದು ಪ್ರಕರಣ

ಮರುಪಾವತಿಯ ನಿರಾಕರಣೆ ಇಡೀ ವ್ಯವಸ್ಥೆಗೆ ಹೇಗೆ ಕುತ್ತು ತರುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, 1862ರ ವೇಳೆಗೆ, ಜನರು ಚಿನ್ನ ಬೆಳ್ಳಿಗಳೊಂದಿಗೆ ಒಂದು ಸೆಂಟಿನ ನಾಣ್ಯಗಳನ್ನೂ ಕೂಡಿಡಲಾರಂಭಿಸಿದರು. ಅಂಚೆ ಚೀಟಿಗಳೇ ಚಿಲ್ಲರೆಯಾದವು. ಅವು ಕೈಬೆವರಿಗೆ ಅಂಟಿಕೊಳ್ಳುತ್ತಿದ್ದುದರಿಂದ ಜಾನ್ ಗಾಲ್ಟ್ ಎಂಬವರು ಅಂಚೆ ಚೀಟಿಯನ್ನು ಹಿತ್ತಾಳೆಯ ಚೌಕಟ್ಟಿನಲ್ಲಿ ಅಭ್ರಕದ ಹಾಳೆಯ ಅಡಿ ಕೂರಿಸುವ ವಿಧಾನಕ್ಕೆ ಅದೇ ವರ್ಷ ಪೇಟೆಂಟ್ ಪಡೆದರು. ಚೌಕಟ್ಟಿನ ಹಿಂಬದಿಯಲ್ಲಿ ವ್ಯಾಪಾರಿಗಳ ಜಾಹೀರಾತು ಇರುತ್ತಿತ್ತು. ಬಳಿಕ ತೆಳುವಾದ ತಾಮ್ರದ ಬಿಲ್ಲೆಗಳು ಬಂದು, ಅವುಗಳ ಸಂಖ್ಯೆ ಎರಡೂವರೆ ಕೋಟಿಯನ್ನು ಮೀರಿತೆಂದು ಅಂದಾಜು ಮಾಡಲಾಗಿದೆ.

ನ್ಯೂಯಾರ್ಕಿನ ಮದ್ಯದಂಗಡಿಯ ಮಾಲೀಕ ಗುಸ್ಟಾವಸ್ ಲಿಂಡನ್‌ಮುಲ್ಲರ್ ಹತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಹೊರಡಿಸಿದ್ದರು. ನಗರದ ಥರ್ಡ್ ಅವೆನ್ಯೂ ರೈಲುಬಂಡಿ ಕಂಪನಿ ಪ್ರಯಾಣದ ದರಕ್ಕೆ ಈ ಬಿಲ್ಲೆಗಳನ್ನು ಸ್ವೀಕರಿಸುತ್ತಿತ್ತು. ಬಹಳಷ್ಟು ಸೇರಿದ ಮೇಲೆ ಅವುಗಳನ್ನು ಲಿಂಡನ್‌ಮುಲ್ಲರ್ ಅವರಿಗೆ ಒಪ್ಪಿಸಿ ಹಣ ಕೇಳಿದಾಗ ಅವರು ನಿರಾಕರಿಸಿದರು. ಕಂಪನಿಗೆ ಕಾನೂನಿನ ಆಸರೆ ದೊರೆಯಲಿಲ್ಲ. ಇಂತಹ ಪ್ರಕರಣಗಳು ನಿಷೇಧಕ್ಕೆ ದಾರಿಮಾಡಿದವು. 1864ರಲ್ಲಿ ಅಮೆರಿಕದ ಸಂಸತ್ತು ಖಾಸಗಿ ನಾಣ್ಯಗಳನ್ನು ನಿಷೇಧಿಸಿತು. ಅದೇ ವರ್ಷ ಸರ್ಕಾರ ತನ್ನ ದಪ್ಪನೆಯ ಸೆಂಟನ್ನು ಕೈಬಿಟ್ಟು, ಖಾಸಗಿ ಬಿಲ್ಲೆಗಳಂತೆಯೇ ತೆಳುವಾದ ಕಂಚಿನ ಸೆಂಟನ್ನು ಜಾರಿಗೆ ತಂದಿತು. ಜನರು ಹಗುರವಾದ ನಾಣ್ಯವನ್ನೂ ಒಪ್ಪುತ್ತಾರೆಂಬುದನ್ನು ವರ್ತಕರೇ ಸರ್ಕಾರಕ್ಕೆ ತೋರಿಸಿಕೊಟ್ಟಿದ್ದರು.

ಇಪ್ಪತ್ತನೆಯ ಶತಮಾನದಲ್ಲಿಯೂ ಈ ಸಮಸ್ಯೆ ಮರುಕಳಿಸಿದೆ. ಇಟಲಿಯಲ್ಲಿ ನಾಣ್ಯಗಳು ಸಿಗದೆ ಹೋದಾಗ 1975ರ ಡಿಸೆಂಬರಿನಲ್ಲಿ ಟ್ಯೂರಿನ್ ನಗರದ ಬ್ಯಾಂಕೊಂದು ಪುಟ್ಟ ಚೆಕ್ಕುಗಳನ್ನು ಮುದ್ರಿಸಿತು. ಇತರ ಬ್ಯಾಂಕುಗಳೂ ಅನುಸರಿಸಿ, ಸುಮಾರು ಮೂರು ವರ್ಷ 50, 100, 150 ಲಿರಾಗಳಂತಹ ಸಣ್ಣ ಮೊತ್ತದ ಚೆಕ್ಕುಗಳು ಕೈಯಿಂದ ಕೈಗೆ ಚಿಲ್ಲರೆಯಂತೆ ಓಡಾಡಿದವು. ದೂರವಾಣಿ ಟೋಕನ್‌ಗಳೂ ಮಿಠಾಯಿಗಳೂ ಅವುಗಳ ಜೊತೆಗೂಡಿದ್ದವು.

ಭಾರತದ ಅನುಭವ

ನಮ್ಮ ದೇಶದಲ್ಲಿ ಖಾಸಗಿ ಬಿಲ್ಲೆಗಳ ಇತಿಹಾಸ ಮುಖ್ಯವಾಗಿ ಅಸ್ಸಾಮ್, ಕಾಚಾರ್ ಮತ್ತು ಸಿಲ್ಹೆಟ್ ಪ್ರದೇಶಗಳ ಚಹಾ ತೋಟಗಳಿಗೆ ಸಂಬಂಧಿಸಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅಲ್ಲಿನ ತೋಟಗಳು ಕಾರ್ಮಿಕರಿಗೆ ದಿನದ ಕೂಲಿಯಾಗಿ ತೋಟದ ಹೆಸರು ಕೆತ್ತಿದ ಲೋಹದ ಬಿಲ್ಲೆಗಳನ್ನು ಕೊಟ್ಟವು. ದೂರದ ತೋಟಗಳಿಗೆ ಚಿಲ್ಲರೆ ತಲುಪುವುದು ಕಷ್ಟವೆಂಬುದು ನಿಜ. ಆದರೆ ಈ ಬಿಲ್ಲೆ ತೋಟದ ಎಲ್ಲೆಯಾಚೆ ನಡೆಯುತ್ತಿರಲಿಲ್ಲ. ಅದನ್ನು ತೋಟದ ಅಂಗಡಿಯಲ್ಲಿಯೋ ತೋಟದ ಕಚೇರಿಯಲ್ಲಿಯೋ ಒಪ್ಪಿಸಬೇಕಾಗಿತ್ತು. ಬಿಟ್ಟುಹೋಗಬೇಕೆಂದರೂ ಕಾರ್ಮಿಕನ ಕೈಯಲ್ಲಿ ದಾರಿಖರ್ಚಿಗೆ ಹಣವಿಲ್ಲ. ಆಂಗ್ಲೆಸಿಯ ಪೆನ್ನಿಯನ್ನು ಮೂರು ಊರುಗಳಲ್ಲಿ ಬದಲಾಯಿಸಬಹುದಾಗಿತ್ತು. ಚಹಾ ತೋಟದ ಬಿಲ್ಲೆ ಕಾರ್ಮಿಕನನ್ನು ಒಂದೇ ಸ್ಥಳಕ್ಕೆ ಕಟ್ಟಿಹಾಕಿತು. ಕೂಲಿಯನ್ನು ಚಲಾವಣೆಯ ನಾಣ್ಯದಲ್ಲಿಯೇ ಕೊಡಬೇಕೆಂದು ಬ್ರಿಟನ್ನಿನಲ್ಲಿ 1831ರಲ್ಲಿ, ಭಾರತದಲ್ಲಿ 1936ರ ವೇತನ ಪಾವತಿ ಕಾಯ್ದೆಯ ಮೂಲಕ ವಿಧಿಸಬೇಕಾದದ್ದು ಇಂತಹ ಅನುಭವಗಳಿಂದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆಯ ಅಭಾವ ದೇಶವ್ಯಾಪಿಯಾಯಿತು. ಲೋಹ ಉಳಿಸಲು ಸರ್ಕಾರ 1943ರಲ್ಲಿ ನಡುವೆ ತೂತಿರುವ ಒಂದು ಪೈಸೆಯ ನಾಣ್ಯವನ್ನು ತಂದಿತು. ಮೋರ್ವಿ, ಜುನಾಗಢ, ಪಾಲಿಟಾಣಾ, ಬುಂದಿ, ಬಿಕಾನೇರ್ ಮುಂತಾದ ದೇಶೀಯ ಸಂಸ್ಥಾನಗಳು ರಟ್ಟಿನ ಚಿಕ್ಕ ಕೂಪನ್‌ಗಳನ್ನು ಚಿಲ್ಲರೆಯಾಗಿ ಹೊರಡಿಸಿದವು. ಸ್ವಾತಂತ್ರ್ಯಾನಂತರವೂ ಅಭಾವ ತಪ್ಪಲಿಲ್ಲ. ಸಣ್ಣ ನಾಣ್ಯಗಳನ್ನು ಕರಗಿಸುವುದನ್ನೂ ಕೂಡಿಡುವುದನ್ನೂ ತಡೆಯಲು 1971ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. 1985ರಲ್ಲಿ ಭಾರತದ ಒಂದು ರೂಪಾಯಿ ನಾಣ್ಯಗಳನ್ನು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಲ್ಲಿಯೂ ತಯಾರಿಸಲಾಯಿತು. 1850ರಲ್ಲಿ ಬೋಲ್ಟನ್ ಅವರ ಸೋಹೊ ಟಂಕಸಾಲೆಯ ಯಂತ್ರಗಳನ್ನು ಹರಾಜಿನಲ್ಲಿ ಕೊಂಡು ಬೆಳೆದ ಸಂಸ್ಥೆಯೇ ಅದು. 2007ರಲ್ಲಿ ನಮ್ಮ ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕಳ್ಳಸಾಗಣೆ ಮಾಡಿ, ಕರಗಿಸಿ, ಕ್ಷೌರದ ಬ್ಲೇಡು ಮಾಡಲಾಗುತ್ತಿದೆ ಎಂಬ ವರದಿಗಳು ಬಂದವು. ಲೋಹದ ಬೆಲೆ ಮುಖಬೆಲೆಯನ್ನು ಮೀರಿದರೆ ನಾಣ್ಯ ಉಳಿಯದೆಂಬ ಬಂಡಿಚಕ್ರದ ಪಾಠ ಮತ್ತೊಮ್ಮೆ ದೃಢಪಟ್ಟಿತು.

ಕರ್ನಾಟಕದಲ್ಲಿಯೂ ಅಂಗಡಿಯವರು ಒಂದು ರೂಪಾಯಿಗೆ ಪೆಪ್ಪರ್‌ಮಿಂಟು ಕೊಡುವುದು, ಬಸ್ ನಿರ್ವಾಹಕರು ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಡುವುದು ಎಲ್ಲರಿಗೂ ಪರಿಚಿತ. ಇವೆರಡರ ನಡುವೆ ವ್ಯತ್ಯಾಸವಿದೆ. ಟಿಕೆಟ್ಟಿನ ಬರಹ ಒಂದು ಸಾಲಪತ್ರ. ಇಳಿಯುವ ಮುನ್ನ ತೋರಿಸಿದರೆ ಹಣ ಸಿಗುತ್ತದೆ. ಪೆಪ್ಪರ್‌ಮಿಂಟನ್ನು ಅದೇ ಅಂಗಡಿಯವರು ಹಣವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಗ್ರಾಹಕರ ಅಸಮಾಧಾನದ ಮೂಲ ಒಂದು ರೂಪಾಯಿಯ ನಷ್ಟಕ್ಕಿಂತ ಹೆಚ್ಚಾಗಿ ಇಲ್ಲಿದೆ.

ಇಂದಿನ ವರ್ತಕರಿಗೆ ಪ್ರಸ್ತುತತೆ

ಖಾಸಗಿಯವರು ಲೋಹದ ತುಂಡುಗಳನ್ನು ಹಣವಾಗಿ ಹೊರಡಿಸುವುದನ್ನು ಭಾರತದಲ್ಲಿ 1889ರ ಲೋಹದ ಟೋಕನ್‌ಗಳ ಕಾಯ್ದೆ ನಿಷೇಧಿಸಿತ್ತು. ಆ ಕಾಯ್ದೆ ರದ್ದಾಗಿ ಅದೇ ನಿಷೇಧ 2011ರ ನಾಣ್ಯ ಕಾಯ್ದೆಯಲ್ಲಿ ಸೇರಿದೆ. ಕೇಳಿದೊಡನೆ ಧಾರಕನಿಗೆ ಹಣ ಕೊಡುವ ಪತ್ರಗಳನ್ನು ಖಾಸಗಿಯವರು ಬರೆಯುವುದನ್ನು ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆ ನಿರ್ಬಂಧಿಸುತ್ತದೆ. 2016ರಲ್ಲಿ ಆರಂಭವಾದ ಯುಪಿಐ ಪಾವತಿ ವ್ಯವಸ್ಥೆ ಮೊಬೈಲ್ ಮೂಲಕ ಒಂದು ರೂಪಾಯಿಯನ್ನೂ ನಿಖರವಾಗಿ ತಲುಪಿಸುವುದರಿಂದ ಚಿಲ್ಲರೆಯ ಸಮಸ್ಯೆ ಬಹುಮಟ್ಟಿಗೆ ತಗ್ಗಿದೆ. ಹಾಗಾಗಿ ವಿಲಿಯಮ್ಸ್ ಅವರಂತೆ ತಾಮ್ರ ಟಂಕಿಸುವ ಅಗತ್ಯವಾಗಲಿ ಅವಕಾಶವಾಗಲಿ ಇಂದು ಯಾರಿಗೂ ಇಲ್ಲ.

ಆದರೆ ಬಿಲ್ಲೆ ಬೇರೆ ರೂಪದಲ್ಲಿ ನಮ್ಮ ನಡುವೆಯೇ ಇದೆ. ಉಡುಗೊರೆ ಕೂಪನ್, ಮುಂಗಡ ಹಣ ತುಂಬಿದ ಕಾರ್ಡ್, ಖರೀದಿಯ ಅಂಕಗಳು, ಹಿಂದಿರುಗಿಸಿದ ಸರಕಿಗೆ ಕೊಡುವ ಜಮಾ ಚೀಟಿ ಇವೆಲ್ಲವೂ ವರ್ತಕನ ಹೆಸರಿನ ಮೇಲೆ ನಿಂತ ವಾಗ್ದಾನಗಳು. ಸ್ವಂತ ಮಳಿಗೆಯಲ್ಲಿ ಮಾತ್ರ ನಡೆಯುವ, ನಗದಾಗಿ ಹಿಂದಿರುಗಿಸಲಾಗದ ಇಂತಹ ಸಾಧನಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಬೇರೆಯವರ ಮಳಿಗೆಯಲ್ಲಿಯೂ ನಡೆಯುವಂತಾದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯಡಿ ಅನುಮತಿ ಬೇಕಾಗುತ್ತದೆ. ಬ್ಯಾಂಕೇತರ ಸಂಸ್ಥೆಗಳು ಗ್ರಾಹಕರಿಂದ ಸಂಗ್ರಹಿಸಿದ ಹಣವನ್ನು ಬ್ಯಾಂಕಿನ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿ ಇಡಬೇಕಾಗುತ್ತದೆ. ಲಿಂಡನ್‌ಮುಲ್ಲರ್ ಅವರಂತೆ ಕೊನೆಯಲ್ಲಿ ಕೈಯೆತ್ತುವುದನ್ನು ತಡೆಯುವುದೇ ಇದರ ಉದ್ದೇಶ.

ಸಣ್ಣ ವ್ಯಾಪಾರಸ್ಥರು ಈ ಇತಿಹಾಸದಿಂದ ಕೆಲವು ಅಂಶಗಳನ್ನು ಗಮನದಲ್ಲಿಡಬಹುದು. ಕೂಪನ್ ಮಾರಿದಾಗ ಬಂದ ಹಣ ಗಳಿಕೆಯಲ್ಲ. ಅದನ್ನು ಲೆಕ್ಕಪುಸ್ತಕದಲ್ಲಿ ಕೊಡಬೇಕಾದ ಬಾಬ್ತಾಗಿಯೇ ತೋರಿಸಬೇಕು. ಎಷ್ಟು ಕೂಪನ್‌ಗಳು ಹೊರಗಿವೆ ಎಂಬ ಪಟ್ಟಿ ಯಾವಾಗಲೂ ಕೈಯಲ್ಲಿರಬೇಕು. ಅವಧಿ ಮತ್ತು ಷರತ್ತುಗಳು ಕೂಪನ್ನಿನ ಮೇಲೆಯೇ ಓದಲು ಬರುವಂತಿರಬೇಕು. ಕೆಲಸಗಾರರ ವೇತನದ ಯಾವ ಭಾಗವನ್ನೂ ಇಂತಹ ಚೀಟಿಗಳಲ್ಲಿ ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕೂಪನ್ ತಂದ ಗ್ರಾಹಕನನ್ನು ನಗದು ತಂದ ಗ್ರಾಹಕನಷ್ಟೇ ಗೌರವದಿಂದ ಕಾಣಬೇಕು. ಇಂಗ್ಲೆಂಡಿನ ಪೇಟೆಗಳಲ್ಲಿ ಆಂಗ್ಲೆಸಿಯ ಪೆನ್ನಿಗೆ ಮರ್ಯಾದೆ ದೊರೆತದ್ದು ಅದರ ಅಂಚಿನಲ್ಲಿ ಬರೆದಿದ್ದ ಊರುಗಳಲ್ಲಿ ಅದಕ್ಕೆ ನಿಜವಾಗಿಯೂ ಹಣ ಸಿಗುತ್ತಿದ್ದುದರಿಂದ. ಇಂದಿನ ಕೂಪನ್ನಿನ ಮೇಲೆ ಮುದ್ರಿತವಾದ ಅಂಗಡಿಯ ಹೆಸರಿಗೂ ಇದೇ ಪರೀಕ್ಷೆ ಕಾದಿರುತ್ತದೆ.